ಗಾಣದ ಬಾಯಿ ಹಸಿ ಮಾಡಿದ ಶೇಂಗಾ

ಯರಗಟ್ಟಿ ಬಸ್‌ಸ್ಟ್ಯಾಂಡ್ ಎದುರಿನ ನಮ್ಮ ಜ್ಯೂಸ್ ಅಂಗಡಿಯಲ್ಲಿ ಕಪ್ಪು ದ್ರಾಕ್ಷಿಯನ್ನು ಮಿಕ್ಸರಿಗೆ ಹಾಕುವುದಿಲ್ಲ. ಬೀಜ ನುಚ್ಚಾದರೆ ರಸ ಒಗರಾಗುತ್ತದೆ ಎಂದು ಅಕ್ಕ ಕೈಯಲ್ಲೇ ಹಿಂಡಿ ಸೋಸುತ್ತಾಳೆ. ಅಂಗಡಿ ಅವಳದು. ಗ್ಲಾಸು ತೊಳೆಯುವುದು, ಬಂದವರನ್ನು ಅಣಕಿಸುವುದು ನನ್ನ ಪಾಲು. ಕಂಡಕ್ಟರನ ಕೂಗು, ಮಾಸ್ತರರ ಕೆಮ್ಮು, ಅಕ್ಕನ ಬೈಗಳು, ಎಲ್ಲಕ್ಕೂ ನನ್ನ ಗಂಟಲಲ್ಲಿ ಜಾಗವಿದೆ. ನನ್ನ ಗೊರಕೆಯನ್ನೇ ನಾನು ಅಣಕಿಸಿ ತೋರಿಸಿದವನು.

ಈ ಬೇಸಿಗೆಯಲ್ಲಿ ಅಕ್ಕನಿಗೆ ಹಟ ಹಿಡಿಯಿತು. ಸೋಸಿ ಬಿಸಾಡುವ ಬೀಜದಲ್ಲಿ ಮುಖಕ್ಕೆ, ಕೂದಲಿಗೆ ಹಚ್ಚುವ ಎಣ್ಣೆ ಇದೆಯಂತೆ. ಸವದತ್ತಿಯ ಮಹಿಳಾ ಸಂಘಕ್ಕೆ ಮಾತು ಕೊಟ್ಟು ಬಂದಳು: ಮುಂದಿನ ಸಭೆಗೆ ಒಂದು ಬಾಟಲಿ, ಏನೂ ಬೆರೆಸದ್ದು. ಅವರು ಒಪ್ಪಿದರೆ ಸಂಘವೇ ಈ ಕೆಲಸ ಹಿಡಿಯುತ್ತದೆ, ಮುಂದೆ ನಿಂತು ನಡೆಸುವವಳು ಅಕ್ಕ. “ಜ್ಯೂಸಿನಕ್ಕಾ ಅನ್ನಿಸ್ಕೊಂಡು ಸಾಕಾಗೇತಿ ನನಗ” ಎಂದಳು.

ಸೋಸಿ ಉಳಿದ ಚರಟವನ್ನು ನೀರಿಗೆ ಹಾಕಿದರೆ ಸಿಪ್ಪೆ ತೇಲಿ, ಬೀಜ ಮುಳುಗಬೇಕು. ನಮ್ಮ ಬಕೆಟ್ಟಿನಲ್ಲಿ ಎರಡೂ ಒಟ್ಟಿಗೆ ಮುಳುಗಿದವು. ಬೆರಳು ಸುಕ್ಕುಗಟ್ಟುವಂತೆ ಆರಿಸಿ ಮಾಳಿಗೆಗೆ ಹಾಕಿದರೆ ಇರುವೆ, ಇರುವೆ ಓಡಿಸಿದರೆ ಅಡ್ಡಮಳೆ. ಮೂರು ಸಲ ಒಣಗಿಸಿದೆ. ಕೇರುವಾಗ ಹೊಟ್ಟು ಎಲ್ಲ ನನ್ನ ತಲೆಯ ಮೇಲೆ. ಸೀಸನ್ ಮುಗಿಯುವ ಹೊತ್ತಿಗೆ ಕೂಡಿದ್ದು ಅರ್ಧ ಚೀಲ. ಅದೂ ಸಾಲದೆಂಬಂತೆ ಒಂದು ದಿನ ನಾನು ಮುನವಳ್ಳಿಯ ಗಾಣದ ಚಾಚಾನ ದನಿಯಲ್ಲಿ, ಗೆಳೆಯನ ಮೊಬೈಲಿನಿಂದ ಅಕ್ಕನಿಗೆ ಫೋನ್ ಮಾಡಿ, “ಯವ್ವಾ, ಗಾಣ ಮುರದೈತಿ” ಅಂದೆ. ನಾನೇ ಎಂದು ಹೇಳುವಷ್ಟರಲ್ಲಿ ಅವಳು ಅತ್ತೇಬಿಟ್ಟಳು.

ಗಾಣಕ್ಕೆ ಚೀಲ ಹೊತ್ತವನು ನಾನೇ. ಚಾಚಾ ಬೀಜವನ್ನು ಹಲ್ಲಿಗಿಟ್ಟು ಕಡಿದು ನೋಡಿದ.

“ಬೀಜ ತಂದೀಯೋ, ಕಲ್ಲು ತಂದೀಯೋ ಬೇಟಾ?”

“ಎಣ್ಣಿ ಬರತೈತೇನ್ರಿ ಚಾಚಾ?”

“ನೋಡೂಣು. ನೀ ಬಾಯಿ ಮುಚ್ಚಿ ಕುಂದ್ರು.”

ಕೂರಲಿಲ್ಲ. ಕುಸುಬೆ ತಂದಿದ್ದ ನಾಲ್ಕು ಜನರ ಎದುರು ಗಾಣದ ಕಿರುಗುಟ್ಟುವಿಕೆಯನ್ನು ಅಣಕಿಸುತ್ತಾ ನಿಂತೆ. ಅವರು ನಕ್ಕಷ್ಟೂ ನಾನು ಗಾಣಕ್ಕೆ ಬೆನ್ನು ಹಾಕಿದೆ. ತಿರುಗಿದಾಗ ಸಣ್ಣ ಬಾಟಲಿ ತುಂಬಿ, ಮುಚ್ಚಳವೂ ಬಿಗಿದಿತ್ತು.

ಮರುದಿನ ಸವದತ್ತಿಯ ಸಭೆಯಲ್ಲಿ ಅಕ್ಕ ಹೊಸ ಸೀರೆ ಉಟ್ಟು, ಬಾಟಲಿ ಎತ್ತಿ ಹಿಡಿದು, “ಏನೂ ಬೆರಸಿಲ್ರಿ, ಬರೀ ದ್ರಾಕ್ಷಿ ಬೀಜ” ಎಂದಳು. ನಾನು ಬಾಗಿಲಲ್ಲಿದ್ದೆ. ಮುಂದಿನ ಸಾಲಿನ ಅಜ್ಜಿಯೊಬ್ಬಳು ಅಂಗೈಗೆ ಹಾಕಿಕೊಂಡು ತಿಕ್ಕಿದಳು, ಮೂಸಿದಳು.

“ಯವ್ವಾ, ಇದನ್ನ ತಲಿಗೆ ಹಚಗೊಂಡ್ರ ನಮ್ಮ ಮನಿಯಾಂವ ಅದರ ಮ್ಯಾಲ ಚುರಮರಿ ಕಲಸ್ತಾನ. ಶೇಂಗಾ ಎಣ್ಣಿ ಐತಿದು!”

ಬಾಟಲಿ ಕೈಯಿಂದ ಕೈಗೆ ಹೋಯಿತು. ಮೂಸಿದವರೆಲ್ಲ ನಕ್ಕರು. ನಗಿಸುವುದು ನನ್ನ ಕೆಲಸ. ಅವತ್ತು ಆ ನಗು ಕಿವಿಗೆ ಚುಚ್ಚಿತು. ಅಧ್ಯಕ್ಷೆ ಮೆಲ್ಲಗೆ, “ಈ ವರ್ಷ ನಾವು ರೊಟ್ಟಿ ಕೆಲಸಾನ ಹಿಡೀತೇವಿ, ತಂಗಿ” ಎಂದರು. ಅಕ್ಕ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು.

ಬಸ್ಸಿನಲ್ಲಿ ನನಗೆ ಚಾಚಾನ ಫೋನ್ ಬಂತು. ಅಕ್ಕನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

“ಒಣ ಬೀಜ ಹಾಂಗ ಹಾಕಿದ್ರ ಗಾಣ ಹಿಡಿಯೂದಿಲ್ಲೋ. ಬಾಯಿ ಹಸಿ ಮಾಡಾಕ ನಾಕ ಬೊಗಸಿ ಶೇಂಗಾ ಹಾಕಿದ್ದೆ. ಎಲ್ಲಾರಿಗೂ ಹಾಕತೇನಿ, ಅದನ್ನ ಬೆರಸೂದು ಅಂತ ಯಾರ ಅಂತಾರ? ನಿಮ್ಮಕ್ಕ ಏನೂ ಬೆರಸಬ್ಯಾಡ್ರಿ ಅಂದಿದ್ದು ರಾತ್ರಿ ನೆನಪಾತು, ಮುಂಜಾನಿ ಆಕಿಗೆ ಫೋನ್ ಹಚ್ಚಿದೆ. ‘ಚಾಚಾನ ದನಿ ಬಿಟ್ಟು ಬರಫ್ ತಗೊಂಡು ಬಾ, ಕೋತಿ’ ಅಂದು ಇಟ್ಟಬಿಟ್ಟಳು. ಎರಡು ಸಲ!”

ಮುಂಜಾನೆ ನಾನು ನಿಜವಾಗಿಯೂ ಅಂಗಡಿಗೆ ಬರಫಿನ ಗಡ್ಡೆ ತರಲು ಹೋಗಿದ್ದೆ.

ಫೋನ್ ಇಟ್ಟ ಮೇಲೆ ಅಕ್ಕ ಕಿಟಕಿಯ ಕಡೆ ಮುಖ ಮಾಡಿದಳು. ಮಾರ್ಕೆಟ್ಟಿನಲ್ಲಿ ದ್ರಾಕ್ಷಿ ಮುಗಿದಿತ್ತು. ಮಾಳಿಗೆಯ ಮೇಲೆ ಒಂದು ಹಿಡಿ ಬೀಜವೂ ಉಳಿದಿರಲಿಲ್ಲ. ಗಾಣದ ಬಾಯಿಗೆ ಚಾಚಾ ಏನು ಹಾಕುತ್ತಿದ್ದಾನೆಂದು ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು.

“ತಪ್ಪಾತಕ್ಕಾ” ಎಂದೆ.

ಅವಳು ತಿರುಗಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು.

“ಇದು ಯಾರ ದನಿ?”