ಏಳನೆಯ ಇಟ್ಟಿಗೆ

ಮಿನ್ಯಾದಿಂದ ಅಸ್ಯೂತ್‌ವರೆಗೆ ನೈಲ್ ನದಿಯ ಎರಡೂ ದಡಗಳಲ್ಲಿ ಉಸ್ತಾ ವನೀಸನ ಬೆರಳ ಗೆಣ್ಣಿನ ಪೆಟ್ಟು ತಿನ್ನದ ಗೋಡೆ ಒಂದೂ ಇಲ್ಲ. ಉಸ್ತಾ ಎಂದರೆ ಮೇಸ್ತ್ರಿ. ಗಾರೆ ಮೇಸ್ತ್ರಿಗಳಲ್ಲಿ ಮಹಾಮೇಸ್ತ್ರಿಯಾದ ಆತ ಯಾರ ಮನೆಗೆ ಹೋದರೂ ಮೊದಲು ಗೋಡೆ ತಟ್ಟುತ್ತಾನೆ, ತಲೆ ವಾಲಿಸಿ ಅದು ಹೇಳುವುದನ್ನು ಕೇಳುತ್ತಾನೆ, ಆಮೇಲೆ ಮನೆಯವರ ಯೋಗಕ್ಷೇಮ. ಚೆನ್ನಾಗಿ ಬೆಂದ ಇಟ್ಟಿಗೆ ಗಂಟೆಯ ಹಾಗೆ ಮಾತಾಡುತ್ತದೆ, ಹಸಿ ಇಟ್ಟಿಗೆ ಗೊರಕೆ ಹೊಡೆಯುತ್ತದೆ ಎಂಬುದು ಅವನ ಸಿದ್ಧಾಂತ. ಬಿಷಪ್ಪರ ಹೊಸ ಮನೆಯ ಗೋಡೆಯತ್ತ ಅವನು ಬೆರಳು ಮಡಚಿದ್ದೇ ತಡ, ಅದನ್ನು ಕಟ್ಟಿಸಿದ ಕಂಟ್ರಾಕ್ಟರು ಮೂರ್ಛೆ ಹೋದನಂತೆ. ಹೆಣ್ಣು ನೋಡಲು ಹೋದ ದಿನವೂ ಅಷ್ಟೇ. ಗೋಡೆ ತಟ್ಟಿ, “ಗಟ್ಟಿ ಇದೆ, ಒಪ್ಪಿಗೆ” ಎಂದುಬಿಟ್ಟ. ಹುಡುಗಿಯ ಮುಖ ನೋಡಿದ್ದು ಮದುವೆಯ ದಿನ. ಆ ಹುಡುಗಿ ದಿಮ್ಯಾನಾ ಮೊಮ್ಮಕ್ಕಳನ್ನು ಕಂಡ ಮೇಲೂ ಅದನ್ನು ಕ್ಷಮಿಸಿಲ್ಲ.

ಆದರೆ ಅವನ ಕೀರ್ತಿಯ ಶಿಖರ ನಮ್ಮ ಕೋಮ್ ಜುಮ್ಮೇಜ್ ಊರಿನ ಇಗರ್ಜಿಯಲ್ಲಿತ್ತು. ಭಾನುವಾರ ಪೂಜೆಗೆ ಮುಂಚೆ ಮಧ್ಯಾಹ್ನದ ಜಾವದ ಪ್ರಾರ್ಥನೆಯನ್ನೂ ಓದಿಬಿಡುವುದು ನಮ್ಮ ಪದ್ಧತಿ. ಪ್ರಭು ಬೆಟ್ಟದ ಮೇಲೆ ಕೂತು ಹೇಳಿದ ಧನ್ಯವಾಕ್ಯಗಳು ಅದರಲ್ಲೇ ಬರುವುದು. ಆತ್ಮದಲ್ಲಿ ಬಡವರಾದವರು, ದುಃಖಪಡುವವರು, ಶಾಂತರು ಎಂದು ಒಂದೊಂದು ವಾಕ್ಯವೂ “ತೂಬಾ” ಎಂಬ ಮಾತಿನಿಂದ ಶುರುವಾಗುತ್ತದೆ. ಒಂದೊಂದು ತೂಬಾಕ್ಕೂ ಗಂಡಸರ ಕಡೆಯ ಗೋಡೆಯಿಂದ ಒಂದು ಟಕ್! ವನೀಸ್. ಓದುವವನು ಆ ಟಕ್ಕಿಗಾಗಿ ನಿಂತು ಮುಂದೆ ಹೋಗುವುದನ್ನು ಕಲಿತಿದ್ದ. ನೀತಿಗಾಗಿ ಹಸಿದವರಿಗೆ ಜೋರು ಪೆಟ್ಟು. ನಿರ್ಮಲಚಿತ್ತರಿಗೆ ಎಷ್ಟು ಮೆತ್ತಗೆಂದರೆ ಪಕ್ಕದವನಿಗೆ ಮಾತ್ರ ಕೇಳಿಸಬೇಕು. ಇದು ಹರಕೆ ಎಂದರು ಕೆಲವರು, ಯಾವುದೋ ಸಂತರ ದರ್ಶನ ಎಂದರು ಇನ್ನು ಕೆಲವರು.

“ಅವರಿಗೆ ಕೂತಲ್ಲಿ ಕೂರೋಕೆ ಬರಲ್ಲ, ಅಷ್ಟೇ” ಎಂದಳು ದಿಮ್ಯಾನಾ.

ಹೀಗಿರುವಾಗ, ಚಳಿಗೆ ಹಲ್ಲು ಕಟಕಟ ಎನ್ನುವ ಒಂದು ಭಾನುವಾರ ಏಳನೆಯ ಟಕ್ ಬರಲಿಲ್ಲ.

ಸಮಾಧಾನಪಡಿಸುವವರ ವಾಕ್ಯ ಅದು. ಓದುವವನು ಕಾದ. ಯಾರೋ ಕೆಮ್ಮಿದರು. ಬಲಿಪೀಠದ ಪರದೆಯ ಸಂದಿಯಿಂದ ಪಾದ್ರಿ ಅಬೂನಾ ಸರಾಬಾಮೂನರ ಗಡ್ಡ ಇಣುಕಿತು. ವನೀಸ್ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಾವಣಿ ನೋಡುತ್ತಿದ್ದ. ಎಂಟನೆಯ ವಾಕ್ಯಕ್ಕೆ ಟಕ್ ಬಂತು. ಆದರೆ ಅಷ್ಟರಲ್ಲಿ ಇಡೀ ಸಭೆಯ ಮೈಯಲ್ಲಿ ಇರುವೆ ಹರಿದಾಡಿತ್ತು.

ಕಾರಣ ಎಲ್ಲರಿಗೂ ಗೊತ್ತಿತ್ತು: ಬಖೀತ್.

ಬಖೀತ್ ನಮ್ಮ ಇಗರ್ಜಿಯ ರೊಟ್ಟಿಯವನು. ಅಂಗಳದ ಮೂಲೆಯಲ್ಲಿರುವ, ಬೆತ್ಲೆಹೇಮ್ ಎಂದೇ ಕರೆಯುವ ಕೋಣೆಯಲ್ಲಿ ಪೂಜೆಯ ರೊಟ್ಟಿ ಸುಡುತ್ತಾನೆ. ವನೀಸನಿಗೂ ಅವನಿಗೂ ಹಾಲುಹಲ್ಲಿನ ಕಾಲದ ಗೆಳೆತನ. ಕ್ರಿಸ್ಮಸ್‌ಗೆಂದು ವನೀಸ್ ಅವನಿಗೆ ಹೊಸ ಭಟ್ಟಿ ಕಟ್ಟಿಕೊಟ್ಟ. ಹೊಸದು ಎದ್ದದ್ದೇ ಹಳೆಯದನ್ನು ಕೆಡವಿದರು. ಮೊದಲ ದಿನವೇ ಭಟ್ಟಿ ಬಿರುಕು ಬಿಟ್ಟಿತು, ರೊಟ್ಟಿಗಳು ಒಂದು ಕಡೆ ಕರಕಲಾದವು. ಪೂಜೆಯ ರೊಟ್ಟಿಯಲ್ಲಿ ಒಂದು ಕಲೆಯೂ ಇರಬಾರದು. ಬಖೀತ್ ಅಂಗಳದ ನಡುವೆ ನಿಂತು ಕರಕಲು ರೊಟ್ಟಿಯನ್ನು ಎತ್ತಿ ಹಿಡಿದ.

“ನೋಡ್ರಪ್ಪಾ! ಮಹಾಮೇಸ್ತ್ರಿ ಕಟ್ಟಿದ್ದು ಭಟ್ಟಿ ಅಲ್ಲ, ಗೋರಿ! ಒಳಗೆ ಹೋದ ರೊಟ್ಟಿ ಜೀವಂತ ಬರಲ್ಲ!”

“ನಿನ್ನ ಹಿಟ್ಟಿಗೇ ಬುದ್ಧಿ ಇಲ್ಲ ಕಣೋ. ಕಲಸಿದವನದ್ದೇ ಬಂದಿದೆ!” ಎಂದ ವನೀಸ್.

ಅಂದಿನಿಂದ ಮಾತಿಲ್ಲ. ಹಿಟ್ಟು ಕಲಸುವಾಗ ಕೀರ್ತನೆ ಹೇಳುವುದು ನಿಯಮ. ಬಖೀತ್ ವೈರಿಗಳ ನಾಶದ ಕೀರ್ತನೆಗಳನ್ನೇ ಹುಡುಕಿ, ವನೀಸನ ಮನೆಯ ಕಡೆಯ ಕಿಟಕಿ ತೆರೆದಿಟ್ಟು ಹೇಳತೊಡಗಿದ. ಭಟ್ಟಿ ಸರಿಮಾಡು ಎಂದರೆ, “ಅವನು ಬಂದು ಕೇಳಲಿ” ಎನ್ನುತ್ತಾನೆ ವನೀಸ್. ಕೇಳು ಎಂದರೆ, “ಅವನ ನೆರಳು ಬೆತ್ಲೆಹೇಮಿನ ಹೊಸಲು ದಾಟಿದರೆ ನಾನಿಲ್ಲ” ಎನ್ನುತ್ತಾನೆ ಬಖೀತ್. ಇತ್ತ ಪ್ರಭುವಿನ ದೀಕ್ಷಾಸ್ನಾನದ ಹಬ್ಬ ಹತ್ತಿರ ಬರುತ್ತಿತ್ತು. ಏಳನೆಯ ಟಕ್ ತಪ್ಪಿದ ದಿನ ಅಬೂನಾ ಕಡ್ಡಿ ಮುರಿದ ಹಾಗೆ ಹೇಳಿದರು, “ಮುಂದಿನ ಭಾನುವಾರ ಕಲೆಯಿಲ್ಲದ ರೊಟ್ಟಿ ಬರಬೇಕು. ಇಲ್ಲದಿದ್ದರೆ ಹಬ್ಬದ ರೊಟ್ಟಿ ನಜ್ಲಾದಿಂದ.” ನಜ್ಲಾ ಪಕ್ಕದ ಊರು. ಅವರ ರೊಟ್ಟಿ ತಿಂದರೆ ಮೊಮ್ಮಕ್ಕಳ ಕಾಲದವರೆಗೂ ಅದನ್ನೇ ಆಡಿ ತೋರಿಸುತ್ತಾರೆ. ಬಖೀತನಂತೂ ಆ ದಿನ ಊರಲ್ಲೇ ಇರುವವನಲ್ಲ. ಗೆಳೆತನಕ್ಕೆ ಉಳಿದಿದ್ದ ಗಡುವು ಆ ಭಾನುವಾರ.

ಸೋಮವಾರ ಅಬೂನಾ ವನೀಸನ ಮನೆಗೇ ಬಂದರು. ದಿಮ್ಯಾನಾ ಕಪ್ಪು ಚಹಾ ಇಟ್ಟಳು. ವನೀಸ್ ಬಾಗಿಲಿಗೂ ಒಲೆಗೂ ನಡುವೆ ಅಡ್ಡಾಡುತ್ತಿದ್ದ.

“ಕೂತ್ಕೋ ವನೀಸ್.”

“ನೀವು ಕೂತ್ಕೊಳ್ಳಿ ಅಬೂನಾ. ನಾನು ನಿಂತೇ ಕೂತಿರ್ತೀನಿ.”

“ಏಳನೇದು ಯಾಕೆ ತಟ್ಟಲಿಲ್ಲ?”

“ಅದು ನನ್ನ ಇಟ್ಟಿಗೆ ಅಲ್ಲ.”

“ಇಟ್ಟಿಗೆ?” ಅಬೂನಾರ ಲೋಟ ಅರ್ಧ ದಾರಿಯಲ್ಲೇ ನಿಂತಿತು.

“ಮತ್ತಿನ್ನೇನು? ಬಡವರಿಗೊಂದು ಇಟ್ಟಿಗೆ, ಅಳೋರಿಗೊಂದು ಇಟ್ಟಿಗೆ, ಸಾಧುಗಳಿಗೊಂದು ಇಟ್ಟಿಗೆ. ಮೇಲೆ ನಮ್ಮ ನಮ್ಮ ಮನೆ ಕಟ್ಕೊಳ್ಳೋಕೆ. ಇದು ನಂದು ಇಡಿ ಅಂತ ಗುರುತಿಗೆ ತಟ್ಟೋದು. ಸಮಾಧಾನ ಮಾಡೋರ ಇಟ್ಟಿಗೆ ನಾನು ಯಾವ ಮುಖ ಇಟ್ಕೊಂಡು ತಗೊಳ್ಳಲಿ? ಆ ಬಖೀತನ್ನ ನೋಡಿದ್ರೆ ಹೊಡೆಯೋಕೆ ಕೈ ಕರಣೆ ಹುಡುಕುತ್ತೆ.”

ಇಲ್ಲಿ ಒಂದು ಮಾತು. ನಮ್ಮ ಆಡುಮಾತಿನಲ್ಲಿ ತೂಬಾ ಎಂದರೆ ಇಟ್ಟಿಗೆ. ಸುವಾರ್ತೆಯ ಹಳೆಯ ಅರಬ್ಬಿಯಲ್ಲಿ ಅದೇ ಸದ್ದಿನ ಮಾತಿಗೆ ಧನ್ಯರು ಎಂಬ ಅರ್ಥ. ಸಾಲದ್ದಕ್ಕೆ ಈ ಹಾಳು ಚಳಿಯ ತಿಂಗಳ ಹೆಸರೂ ತೂಬಾ. ಗಾರೆಯವನ ಮಗನಾಗಿ ಇಟ್ಟಿಗೆ ರಾಶಿಯ ಮೇಲೆ ಆಡಿ ಬೆಳೆದವನ ಕಿವಿಗೆ ಅದು ಇಟ್ಟಿಗೆಯಾಗಿಯೇ ಬಿತ್ತು. ಯಾರೂ ತಿದ್ದಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ.

“ನಿರ್ಮಲಚಿತ್ತರ ಇಟ್ಟಿಗೇನೂ ತಗೊಂಡ್ಯಾ?” ಎಂದರು ಅಬೂನಾ, ನಗು ನುಂಗುತ್ತ.

“ಅದು ಅರ್ಧ ಇಟ್ಟಿಗೆ ಅಬೂನಾ. ಮೆತ್ತಗೆ ತಟ್ಟಿದ್ದೆ.”

“ಅಯ್ಯೋ ಪುಣ್ಯಾತ್ಮ! ಅದು ಇಟ್ಟಿಗೆ ಅಲ್ಲ ಕಣೋ. ಬಡವರು ಧನ್ಯರು, ಅಳೋರು ಧನ್ಯರು ಅಂತ!”

ವನೀಸ್ ಕೂತ. ದಿಮ್ಯಾನಾ ಗಾಬರಿಯಾದಳು. ಅವನು ಹೇಳಿಸಿಕೊಳ್ಳದೆ ಕೂತಿದ್ದು ಆ ಮನೆಯಲ್ಲಿ ಅದೇ ಮೊದಲು.

“ಹಂಗಾದ್ರೆ ಮೇಲೆ...”

“ಒಂದು ಇಟ್ಟಿಗೇನೂ ಇಲ್ಲ.”

“ಕೆಳಗೂ ಇಲ್ಲ. ಅಡುಗೆಮನೆ ಗೋಡೆ ಬಿದ್ದು ಯಾವ ಕಾಲ ಆಯ್ತು” ಎಂದಳು ದಿಮ್ಯಾನಾ.

ವನೀಸ್ ಅದನ್ನು ಕೇಳಿಸಿಕೊಳ್ಳಲಿಲ್ಲ. “ಅಳೋರಿಗೆ ಇಟ್ಟಿಗೆ ಕೊಡ್ತಾನೆ ಅಂದ್ರೆ ನಂಗೆ ಅರ್ಥ ಆಗ್ತಿತ್ತು. ಪಾಪ, ಏನೋ ಒಂದು ಕಟ್ಕೊಳ್ಳಲಿ ಅಂತ. ಅಳೋರೇ ಧನ್ಯರು ಅಂದ್ರೆ ಏನು ಅಬೂನಾ? ನಮ್ಮಕ್ಕನ ಮಗ ಕಾಲುವೇಲಿ ಮುಳುಗಿ ಹೋದಾಗ ಅವಳ ಮುಂದೆ ಹೋಗಿ, ನೀನು ಭಾಗ್ಯವಂತೆ ಕಣಮ್ಮಾ ಅಂದಿದ್ರೆ ಚಪ್ಪಲಿ ತಗೋತಿದ್ಲು. ಸರಿಯಾಗೇ ತಗೋತಿದ್ಲು.”

ಅಬೂನಾ ಲೋಟ ಕೆಳಗಿಟ್ಟರು. ನಗು ಹೋಗಿತ್ತು. “ಆಗ ನೀನು ಏನು ಮಾಡಿದೆ?”

“ಏನು ಮಾಡ್ಲಿ? ನಲವತ್ತನೇ ದಿನದ ಪ್ರಾರ್ಥನೆವರೆಗೂ ಅವಳ ಬಾಗಿಲಲ್ಲಿ ಸುಮ್ನೆ ಕೂತಿದ್ದೆ.”

“ಕೂತಿದ್ದೆ. ನೀನು! ಅದೂ ಹಾಗೇ ವನೀಸ್. ಪ್ರಭು ದೂರ ನಿಂತು ಅಳೋರನ್ನ ನೋಡಿ, ಎಂಥಾ ಭಾಗ್ಯ ಅಂದಿದ್ದಲ್ಲ ಅದು. ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು ಅಂದಿದ್ದು. ಇಟ್ಟಿಗೆ ಆದ್ರೆ ಕೆಲಸ ಆದಮೇಲೆ ಕೊಡ್ತಾರೆ, ಅದು ಕೂಲಿ. ಆ ಬೆಟ್ಟಕ್ಕೆ ಬಂದೋರು ಇನ್ನೂ ಏನೂ ಮಾಡಿರಲಿಲ್ಲ. ಹತ್ತಿ ಬಂದು ಏದುಸಿರು ಬಿಡ್ತಾ ಕೂತಿದ್ರು, ಅಷ್ಟೇ. ಅವರನ್ನ ನೋಡಿ ಮೊದಲು ಬಾಯಲ್ಲಿ ಬಂದಿದ್ದೇ ಆ ಮಾತು.”

“ಏನೂ ಮಾಡದೇನೇ?”

“ಏನೂ ಮಾಡದೇನೇ.”

“ಮತ್ತೆ ನಾನು ಇಷ್ಟು ವರ್ಷ ತಟ್ಟಿದ್ದು?”

“ಇಗರ್ಜಿ ಗೋಡೆ ಗಟ್ಟಿ ಇದೆ ಅಂತ ಗೊತ್ತಾಯ್ತಲ್ಲ.”

ವನೀಸ್ ಮತ್ತೆ ಎದ್ದ. ಮುಖ ಸಿಂಡರಿಸಿಕೊಂಡಿತ್ತು. “ಹಂಗಾದ್ರೆ ಬಖೀತನೂ?”

“ಬಖೀತನೂ.”

“ಆ ನಾಲಿಗೆ ಇಟ್ಕೊಂಡು?”

“ಆ ನಾಲಿಗೆ ಇಟ್ಕೊಂಡೇ.”

ಆಮೇಲಿನ ಒಂದೂವರೆ ದಿನ ಕೋಮ್ ಜುಮ್ಮೇಜ್ ಕಂಡ ಅಲೆದಾಟವನ್ನು ಯಾವ ಸೇನಾಪತಿಯೂ ಯಾವ ಮರುಭೂಮಿಯಲ್ಲೂ ಮಾಡಿರಲಾರ. ವನೀಸ್ ಕಾಲುವೆಯ ಏರಿಯ ಮೇಲೆ ಹೋದ, ಬಂದ. ಖರ್ಜೂರದ ಮರ ತಟ್ಟಿದ, ಎಮ್ಮೆಯ ಬಾನಿ ತಟ್ಟಿದ, ಚಹಾದಂಗಡಿಯ ಮೇಜು ತಟ್ಟಿ ಬೈಸಿಕೊಂಡ. ಇಟ್ಟಿಗೆಯಾದರೆ ಇಂಥ ಕಡೆ ಇಡಬೇಕೆಂದು ಅವನಿಗೆ ಗೊತ್ತು. ಈ ಹೊಸ ಮಾತನ್ನು ಎಲ್ಲಿಡುವುದೆಂದು ತಿಳಿಯದೆ ಹೊತ್ತುಕೊಂಡೇ ತಿರುಗಿದ. ಕಬ್ಬು ಮಾರಲು ಬಂದವನನ್ನು ಹಿಡಿದು, “ನೀನು ಏನೂ ಮಾಡದೇನೇ ಧನ್ಯ, ಗೊತ್ತಾ?” ಎಂದ. ಅವನು, “ಚೌಕಾಸಿ ಬೇಡ ಯಜಮಾನ್ರೇ” ಎಂದ.

ಬುಧವಾರ ಬೆಳಿಗ್ಗೆ ವನೀಸ್ ಬೆತ್ಲೆಹೇಮಿನ ಹೊಸಲಲ್ಲಿ ನಿಂತಿದ್ದ. ಬಖೀತ್ ತೋಳು ಮಡಚಿ ಹಿಟ್ಟು ಕಲಸುತ್ತಿದ್ದ. ಕಲಸುವಾಗ ಕೀರ್ತನೆ ಬಿಟ್ಟು ಬೇರೆ ಮಾತಾಡುವಂತಿಲ್ಲ. ನೆರಳು ಬಿದ್ದದ್ದು ಕಂಡು ಅವನು ಕೀರ್ತನೆಯ ದನಿಯನ್ನು ಚಾವಣಿಗೆ ಏರಿಸಿದ. ನಾವು ನಾಲ್ಕಾರು ಜನ ಅಂಗಳದಲ್ಲಿ, ಸುಮ್ಮನೆ ಬಂದವರ ಹಾಗೆ ನಿಂತಿದ್ದೆವು.

“ಮಾತಾಡ್ಬೇಡ. ಕೇಳು” ಎಂದ ವನೀಸ್. “ಭಟ್ಟಿ ಬಿರುಕು ಬಿಟ್ಟ ಕಡೆ ಇಟ್ಟಿಗೆ ಇಡೋವಾಗ ನಾನು ತಟ್ಟಿದ್ದೆ.”

ಕೀರ್ತನೆ ಮುಂದುವರಿಯಿತು.

“ಗೊರಕೆ ಹೊಡೀತು. ಹಸಿ ಇಟ್ಟಿಗೆ. ಗೊತ್ತಿದ್ದೇ ಇಟ್ಟೆ.”

ಕೀರ್ತನೆ ತಡವರಿಸಿತು.

“ನೀನು ಪಕ್ಕದ ಹಳೇ ಭಟ್ಟೀಲಿ ರೊಟ್ಟಿ ತೆಗೀತಿದ್ದೆ. ಆ ಪರಿಮಳಕ್ಕೆ ಹೊಟ್ಟೆ ಚುರ್ ಅಂತು. ಬೇಗ ಮುಗಿಸಿ ತಿನ್ನೋಣ ಅಂತ ಇಟ್ಟುಬಿಟ್ಟೆ.”

ಕೀರ್ತನೆ ನಿಂತಿತು. “ನನ್ನ ರೊಟ್ಟಿ ಪರಿಮಳಕ್ಕಾ?”

“ಇನ್ಯಾರದ್ದು? ನಜ್ಲಾದೋರದ್ದಾ?”

ಬಖೀತ್ ಕೈಗೆ ಮೆತ್ತಿದ್ದ ಹಿಟ್ಟನ್ನು ಉಜ್ಜಿ ತೆಗೆದ. ಅವನ ಮೀಸೆ ಅಲುಗಿತು. “ಬಿರುಕು ನಿನ್ನ ಇಟ್ಟಿಗೆಯಿಂದ ಅಲ್ಲ. ಆವತ್ತು ಬೆಕ್ಕು ಓಡಿಸೋಕೆ ಹೋಗಿ ಕಾದ ಭಟ್ಟಿ ಮೇಲೆ ಕೊಡ ನೀರು ಸುರಿದೆ. ನಾನೇ.”

“ಸುಳ್ಳು! ನೀರಿಗೆಲ್ಲ ನನ್ನ ಭಟ್ಟಿ ಬಿರುಕು ಬಿಡಲ್ಲ. ಇಟ್ಟಿಗೆ ಕಾರಣ!”

“ನೀರು ಅಂದೆನಲ್ಲ!”

“ತಪ್ಪು ನಂದು ಅಂತ ಒಪ್ಕೊಂಡಮೇಲೆ ಕಿತ್ಕೊಳ್ಳೋಕೆ ನೀನು ಯಾರೋ?”

“ನನ್ನ ಭಟ್ಟಿ, ನನ್ನ ಬೆಕ್ಕು, ನನ್ನ ತಪ್ಪು! ಹೋಗೋ!”

ಕೂಗಾಟ ಕಾಲುವೆಯಾಚೆಗೂ ಕೇಳಿಸಿತು. ಕೊಲೆಯಾಯಿತೆಂದು ಹೆಂಗಸರು ಓಡಿ ಬಂದರು. ಅಬೂನಾ ಒಂದೇ ಚಪ್ಪಲಿಯಲ್ಲಿ ಬಂದರು. ಅವರಿಗೆ ಕಂಡದ್ದು ಇಷ್ಟು: ಒಬ್ಬರ ಕೊರಳಪಟ್ಟಿ ಇನ್ನೊಬ್ಬರು ಹಿಡಿದುಕೊಂಡು, ತಪ್ಪು ತನ್ನದೇ ಎಂದು ರಂಪ ಮಾಡುತ್ತಿರುವ ಇಬ್ಬರು ಮುದುಕರು, ಇಬ್ಬರ ಗಡ್ಡದಲ್ಲೂ ಹಿಟ್ಟು.

ಅಂದೇ ಮಧ್ಯಾಹ್ನ ಹಸಿ ಇಟ್ಟಿಗೆ ಹೊರಗೆ ಬಂತು. ಬಖೀತ್ ಮಣ್ಣು ಕಲಸಿಕೊಟ್ಟ, ಕಲಸಿದ್ದು ಸರಿಯಿಲ್ಲವೆಂದು ಬೈಸಿಕೊಂಡ. ಮೂರು ದಿನ ಖರ್ಜೂರದ ಗರಿಯ ಸಣ್ಣ ಉರಿಯಲ್ಲಿ ಭಟ್ಟಿ ಒಣಗಿತು. ಬಿರುಕು ಹೋಯಿತೋ ಇಲ್ಲವೋ ಎಂದು ರೊಟ್ಟಿ ಬೇಯುವವರೆಗೆ ಯಾರಿಗೂ ತಿಳಿಯುವಂತಿರಲಿಲ್ಲ. ಭಾನುವಾರ ಇಗರ್ಜಿ ಕಿಕ್ಕಿರಿದಿತ್ತು, ಗಂಡಸರ ಕಡೆಯ ಗೋಡೆಯೇ ಕಾಣಿಸುತ್ತಿರಲಿಲ್ಲ. ಪೂಜೆಗಿಂತ ಹೆಚ್ಚಾಗಿ ನಾವು ಏಳನೆಯ ಟಕ್ಕಿಗೆ ಬಂದಿದ್ದೆವೆಂದರೆ ದೇವರು ಕ್ಷಮಿಸಬೇಕು.

ಓದುವವನು ಮೊದಲ ತೂಬಾ ಹೇಳಿ ನಿಂತ. ಗೋಡೆ ಮೌನ. ಎರಡನೆಯದು, ಮೂರನೆಯದು. ಮೌನ. ಹಸಿದವರಿಗೂ ಇಲ್ಲ, ಕರುಣೆಯುಳ್ಳವರಿಗೂ ಇಲ್ಲ. ಏಳನೆಯದರ ಬಳಿ ಓದುವವನು ಎರಡು ಪಟ್ಟು ಹೊತ್ತು ಕಾದ. ಅಲ್ಲೂ ಇಲ್ಲ. ಒಂಬತ್ತೂ ಮುಗಿದವು. ಗುಸುಗುಸು ಎದ್ದಿತು. ಅಬೂನಾ ಅರ್ಥ ಹೇಳಿಕೊಟ್ಟು ಒಳ್ಳೆಯ ಮನುಷ್ಯನನ್ನು ಕೆಡಿಸಿದರು ಎಂದಿತು ಒಂದು ಪಕ್ಷ. ಇಲ್ಲ, ವನೀಸ್ ಮಾತನ್ನು ದಾಟಿ ಮೌನದ ಮೆಟ್ಟಿಲು ಹತ್ತಿದ್ದಾನೆ, ಇಂಥವರು ಹಿಂದೆ ಮರುಭೂಮಿಯ ಗುಹೆಗಳಲ್ಲಿ ಇರುತ್ತಿದ್ದರು ಎಂದಿತು ಇನ್ನೊಂದು. ಮುದುಕಿಯರು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ, ಜನರ ತಲೆಗಳ ಮೇಲೆ, ರೊಟ್ಟಿಯ ಬುಟ್ಟಿ ಕಾಣಿಸಿತು. ರೊಟ್ಟಿಗಳು ದುಂಡಗೆ, ಎಲ್ಲ ಕಡೆಯೂ ಒಂದೇ ಬಣ್ಣ, ಒಂದು ಕಲೆಯಿಲ್ಲ. ನಜ್ಲಾದ ಮಾತು ಅಲ್ಲಿಗೆ ಮುಗಿಯಿತು.

ಪೂಜೆ ಮುಗಿದದ್ದೇ ನಾವೆಲ್ಲ ಬೆತ್ಲೆಹೇಮಿಗೆ ನುಗ್ಗಿದೆವು. ವನೀಸ್ ಮಂಡಿಯವರೆಗೆ ಬೂದಿ ಮೆತ್ತಿಕೊಂಡು ಬಖೀತನ ಪಕ್ಕ ನೆಲದ ಮೇಲೆ ಕೂತಿದ್ದ. ಹೌದು, ಕೂತಿದ್ದ. ಮೌನದ ಪಕ್ಷದವರನ್ನು ಹಿಂದೆ ತಳ್ಳಿ ನಾನೇ ಕೇಳಿದೆ:

“ಉಸ್ತಾ, ಇಡೀ ಊರು ತಲೆ ಕೆಡಿಸ್ಕೊಂಡಿದೆ. ಈ ಸಲ ಒಂದಾದ್ರೂ ಯಾಕೆ ತಟ್ಟಲಿಲ್ಲ?”

ವನೀಸ್ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿದ.

“ಬಾಗಿಲಾಚೆ ಬುಟ್ಟಿ ಹೊತ್ತು ನಿಂತಿದ್ದೆ ಕಣಪ್ಪಾ. ಎರಡೂ ಕೈಯಲ್ಲಿ ರೊಟ್ಟಿ ಇತ್ತು. ಯಾವುದರಿಂದ ತಟ್ಟಲಿ?”