ರಾಹುಕಾಲದಲ್ಲಿ ತೆಗೆದ ಗೇರು

ಕಳೆದ ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ. ಮದ್ದೂರಿನ ಒಂದು ಲೇತ್ ವರ್ಕ್‌ಶಾಪ್. ಹಾಜರಿದ್ದವರು: ಮಾಲೀಕ ರಫೀಕ್, ಬೆಸಗರಹಳ್ಳಿಯಲ್ಲಿ ಆಲೆಮನೆ ನಡೆಸುವ ನನ್ನ ತಂಗಿಯ ಮಗ ಪುಟ್ಟಸ್ವಾಮಿ, ಮತ್ತು ನಾನು. (ಹತ್ತಿರದ ಗುತ್ತಲಿನಿಂದ ಮೊದಲ ಬಸ್ಸಿಗೇ ಹೊರಟಿದ್ದೆ. ಐಟಿಐನಲ್ಲಿ ಕುಲುಮೆಯ ಪಾಠ ಹೇಳಿ ನಿವೃತ್ತಳಾದವಳು. ತಡವಾಗಿ ಹೋಗಿ ಅಭ್ಯಾಸವಿಲ್ಲ.)

ಗಾಣದ ಸಣ್ಣ ಹಲ್ಲುಚಕ್ರದ, ಅಂದರೆ ಗೇರಿನ, ಹಲ್ಲು ಮುರಿದಿತ್ತು. ಕಡಿದ ಕಬ್ಬು ಆಲೆಮನೆ ಮುಂದೆ ಒಣಗುತ್ತಿತ್ತು. ಇನ್ನೊಂದು ದಿನ ಬಿಟ್ಟರೆ ಬೆಲ್ಲ ಕಟ್ಟುವುದಿಲ್ಲ.

ರಫೀಕ್ ಹೊಸ ಗೇರು ಕಡೆದಿಟ್ಟಿದ್ದ. ಮೆತ್ತನೆಯ ಉಕ್ಕು, ಹಾಗೇ ಹಾಕಿದರೆ ಬೇಗ ಸವೆಯುತ್ತದೆ. ಪೂರ್ತಿ ಗಡುಸಾದರೆ ಮತ್ತೆ ಮುರಿಯುತ್ತದೆ. ಮೇಲಿನ ಪದರ ಮಾತ್ರ ಗಡುಸಾಗಬೇಕು. ಅದಕ್ಕೆ ಗೇರನ್ನು ಇದ್ದಿಲ ಪುಡಿಯಲ್ಲಿ ಹೂತು, ಕಬ್ಬಿಣದ ಪೆಟ್ಟಿಗೆಯ ಬಾಯಿಗೆ ಮಣ್ಣು ಮೆತ್ತಿ, ಕೆಂಪಗೆ ಕಾಯಿಸುತ್ತಾ ಕಾಯಬೇಕು. ಇದ್ದಿಲಿನ ಸಾರ ನಿಧಾನವಾಗಿ ಉಕ್ಕಿನ ಚರ್ಮಕ್ಕೆ ಇಳಿಯುತ್ತದೆ. ಹಾಗೇ ಮಾಡಿ ಪೆಟ್ಟಿಗೆಯನ್ನು ಕುಲುಮೆಗಿಟ್ಟು, ಸಂಜೆ ನಾಲ್ಕು ಗಂಟೆಗೆ ತೆಗೆಯೋಣ ಎಂದೆ.

ಎರಡೂವರೆಗೇ ಪುಟ್ಟಸ್ವಾಮಿ ಇಕ್ಕಳ ಹಿಡಿದು ಬಂದ.

“ದೊಡ್ಡವ್ವ, ಮೂರ್ ಗಂಟೆಗೆ ರಾಹುಕಾಲ ಸುರುವಾಯ್ತದೆ. ಈಗ್ಲೇ ತಗ್ದುಬುಡಾನ.”

“ಆಗಲ್ಲ.”

“ಹೋದ್ ಸಲ ರಾಹುಕಾಲ್ದಲ್ಲಿ ಕೂರಿಸಿದ್ಕೇ ಮುರ್ದಿದ್ದು ಕಣವ್ವ!”

“ಮುರ್ದಿದ್ದು ಪೂರ್ತಿ ಗಡುಸು ಮಾಡ್ಸಿದ್ಕೆ. ರಾಹು ಬಂದು ಕಚ್ಚಿದ್ನಾ?”

ರಫೀಕ್ ನಕ್ಕ. “ಗೇರಿಗೆ ಜಾತ್ಕನೂ ಬರ್ಸಿದ್ದೀಯೇನ್ಲಾ ಪುಟ್ಟ?”

“ನಗು ಕಣ್ಲಾ, ನಗು. ಕಬ್ಬು ನಿಂದಲ್ವಲ್ಲ!”

ಕಬ್ಬು ಅವನದೇ, ಒಪ್ಪಿದೆ. ಆದರೆ ಅರ್ಧಂಬರ್ಧ ಕಾದ ಗೇರು ಹಾಕಿಸಿಕೊಂಡು, ನಾಳೆ ಅದು ಸವೆದಾಗ ಗ್ರಹಗಳನ್ನು ಬೈಯುವುದು ಯಾವ ಬುದ್ಧಿ? ಅವಸರಕ್ಕೂ ಪಂಚಾಂಗವೇ ನೆಪ, ತಡಕ್ಕೂ ಪಂಚಾಂಗವೇ ನೆಪ. ಬೆಂಕಿಗೆ ಅದನ್ನು ಓದಿ ಹೇಳುವವರು ಯಾರು?

ಸ್ಟೂಲ್ ಎಳೆದು ಕುಲುಮೆಯ ಮುಂದೆ ಕೂತೆ.

“ಪೆಟ್ಟಿಗೆ ಬೇಕಾದ್ರೆ ಮೊದ್ಲು ನನ್ನ ಎತ್ತಿ ಪಕ್ಕಕ್ಕಿಡು.”

ಎತ್ತಲಿಲ್ಲ. (ಗೊಣಗಿದ. ಗೊಣಗಲಿ.)

ನಾಲ್ಕಕ್ಕೆ, ರಾಹುಕಾಲದ ನಡುಮಧ್ಯದಲ್ಲೇ, ಪೆಟ್ಟಿಗೆ ತೆರೆದೆವು. ಕೆಂಪು ಗೇರು ಬುಸ್ಸೆಂದು ನೀರಿಗಿಳಿಯಿತು. ಬಿರುಕು ಬಿಡದಂತೆ ಇನ್ನೊಮ್ಮೆ ಹದವಾಗಿ ಬಿಸಿ ಮಾಡಿ, ಆರಿಸಿ, ಗಡುಸು ಪರೀಕ್ಷಿಸಲು ಪುಟ್ಟಸ್ವಾಮಿಯ ಕೈಗೇ ಕಬ್ಬಿಣ ಉಜ್ಜುವ ಅರ ಕೊಟ್ಟೆ. ಬಲವಾಗಿ ಉಜ್ಜಿದ. ಅರ ಜಾರಿತು. ಹಲ್ಲಿನ ಮೇಲೆ ಗೀರೂ ಬೀಳಲಿಲ್ಲ.

ಸಂಜೆ ಆಲೆಮನೆಯಲ್ಲಿ ಗೇರು ಕೂರಿಸಿದೆವು. ಗಾಣ ತಿರುಗಿತು. ಮೊದಲ ಕೊಪ್ಪರಿಗೆ ತುಂಬುವವರೆಗೂ ಪುಟ್ಟಸ್ವಾಮಿಯ ಕಣ್ಣು ಗೇರಿನ ಹಲ್ಲಿನ ಮೇಲೇ. ಆಮೇಲೆ ಒಂದು ಲೋಟ ಕಬ್ಬಿನ ಹಾಲು ತಂದ.

“ಕುಡಿ ದೊಡ್ಡವ್ವ. ಏನೇ ಆಗ್ಲಿ, ಇವತ್ತು ಒಳ್ಳೆ ಗಳಿಗೆ ಬುಡು.”

ಕುಡಿದು, ಲೋಟ ತೊಳೆದಿಟ್ಟು, ಬಸ್ಸು ಹತ್ತಿದೆ. ಕೆಲಸ ಸರಿಯಾಗಿ ಮುಗಿದ ಮೇಲೆ ಯಾವ ಗಳಿಗೆ ತಾನೇ ಕೆಟ್ಟದ್ದು, ನೀವೇ ಹೇಳಿ?