ಡೊಳ್ಳಪ್ಪನ ಪಾಲು

ರುದ್ರಮ್ಮ ನವಲಗುಂದ ಬಿಟ್ಟು ನ್ಯೂಜೆರ್ಸಿಯ ಮಗನ ಮನೆಗೆ ಬಂದು ಎಂಟು ವರ್ಷವಾಯಿತು. ಬಂದ ಮೊದಲ ಶ್ರಾವಣದಲ್ಲಿ ಆಕೆ ಮಗನನ್ನು ಕೇಳಿದ್ದು ಒಂದೇ ಮಾತು: "ಇಲ್ಲಿ ಹುತ್ತ ಎಲ್ಲೈತೋ ವಿಜಯಾ?" ವಿಜಯ್ ಕ್ರ್ಯಾನ್‌ಬರಿಯಲ್ಲಿ ಔಷಧಿ ಕಂಪನಿಯೊಂದರ ನೌಕರ, ಫೋನು ನೋಡದೆ ಯಾವುದಕ್ಕೂ ಉತ್ತರ ಕೊಡುವವನಲ್ಲ. ನೋಡಿದ, ಸಿಗಲಿಲ್ಲ. "ಗುಡಿಯಾಗ ಕಲ್ಲಿನ ನಾಗಪ್ಪ ಅದಾನ ಬೇ, ನಲವತ್ತು ನಿಮಿಷ ಡ್ರೈವ್" ಎಂದ. ಪೂಜಾರಿಯ ಕೈಗೆ ಹಾಲಿನ ಡಬ್ಬಿ ಕೊಟ್ಟು ರಸೀದಿ ತರುವುದಕ್ಕೆ ಯಾರಾದರೂ ಪಂಚಮಿ ಅನ್ನುತ್ತಾರೆಯೇ? ಹಾಲು ಮಣ್ಣಿಗೆ ಬೀಳಬೇಕು. ಮನೆಯ ಒಬ್ಬೊಬ್ಬರ ಹೆಸರು ಹಿಡಿದು "ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು" ಎಂದು ಬಾಯಿಬಿಟ್ಟು ಹೇಳುತ್ತ ಎರೆಯಬೇಕು. ರುದ್ರಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಹುಡುಕಲು ಹೊರಟಳು.

ನ್ಯೂಜೆರ್ಸಿಯ ಗೆದ್ದಲು ಮನೆಯ ಮರದ ಗೋಡೆ ತಿನ್ನುತ್ತದೆಯೇ ಹೊರತು ಹುತ್ತ ಕಟ್ಟುವುದಿಲ್ಲ. ಅದನ್ನು ಆಕೆಗೆ ಹೇಳುವವರು ಯಾರು? ಮನೆಯ ಹಿಂದೆ, ಹುಲ್ಲುಹಾಸು ಮುಗಿದು ಓಕ್ ಮರಗಳ ಕಾಡು ಶುರುವಾಗುವಲ್ಲಿ, ಆಗತಾನೆ ಮೇಲೆ ಬಂದ ಮಣ್ಣಿನ ಗುಡ್ಡೆಯೊಂದು ಕಂಡಿತು. ಗುಡ್ಡೆಗೆ ಒಂದು ಬಾಯಿಯೂ ಇತ್ತು. ಇನ್ನೇನು ಬೇಕು! ರುದ್ರಮ್ಮ ಅರಿಶಿನ ಕುಂಕುಮ ಏರಿಸಿ, ಹಾಲೆರೆದು, ಅಳ್ಳು ಚೆಲ್ಲಿ, ತಟ್ಟೆಯಲ್ಲಿ ಐದು ಶೇಂಗಾ ಉಂಡಿ ಇಟ್ಟು ಬಂದಳು. ಮರುದಿನ ನೋಡಿದರೆ ತಟ್ಟೆ ಖಾಲಿ. ಸುದ್ದಿ ವಾಟ್ಸಾಪಿಗೆ ಬಿತ್ತು. ಎರಡನೆಯ ವರ್ಷ ಹದಿನಾಲ್ಕು ಹೆಂಗಸರು ರೇಷ್ಮೆ ಸೀರೆ ಉಟ್ಟು, ಸಾಲಾಗಿ ಕಾರು ನಿಲ್ಲಿಸಿ, ಹಾಲು ಹಿಡಿದು ಬಂದರು.

ಆ ಎರಡನೆಯ ವರ್ಷವೇ, ಹಬ್ಬದ ಮರುದಿನ ಬೆಳಿಗ್ಗೆ ತಟ್ಟೆ ತರಲು ಹೋದ ರುದ್ರಮ್ಮ ನಾಗಪ್ಪನನ್ನು ಕಣ್ಣಾರೆ ಕಂಡಳು. ಅವನಿಗೆ ಮೈತುಂಬ ಕಂದು ಕೂದಲಿತ್ತು, ನಾಲ್ಕು ಕಾಲಿತ್ತು, ಮಣ್ಣಿಗೆ ತಾಗುವ ಹೊಟ್ಟೆಯಿತ್ತು. ಹಿಂಗಾಲ ಮೇಲೆ ಕೂತು, ಎರಡೂ ಕೈಯಲ್ಲಿ ಉಂಡಿ ಹಿಡಿದು, ಬೀಗರ ಮನೆಗೆ ಊಟಕ್ಕೆ ಬಂದವನ ಹಾಗೆ ನಿಧಾನವಾಗಿ ತಿನ್ನುತ್ತಿದ್ದ.

"ಎಲಾ ಭಾಡ್ಯಾ! ನಾಗಪ್ಪನ ಪಾಲು ನೀ ತಿಂತಿಯೇನೋ?"

ಅದು ಆಕೆಯನ್ನು ನೋಡಿತು. ಉಂಡಿ ಬಿಡಲಿಲ್ಲ. ರುದ್ರಮ್ಮನಿಗೆ ತಡೆಯಲಾರದ ನಗು ಬಂತು. ಗಂಡ ಸತ್ತ ಮೇಲೆ ಆಕೆ ಹಾಗೆ ನಕ್ಕದ್ದು ಅದೇ ಮೊದಲು. ಅವತ್ತೇ ಅದಕ್ಕೆ ಡೊಳ್ಳಪ್ಪ ಎಂದು ಹೆಸರಿಟ್ಟಳು.

ಹದಿನಾಲ್ಕು ಜನರಿಗೆ, ಅಮ್ಮಾ, ಇದು ಹುತ್ತವಲ್ಲ, ಹೆಗ್ಗಣದ ಜಾತಿಯದೇನೋ ಒಂದರ ಬಿಲ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡಿದ ಮೊಮ್ಮಗಳು ಭೂಮಿಕಾ ಮಾತ್ರ "ಅಜ್ಜಿ, ದಟ್ಸ್ ಎ ಗ್ರೌಂಡ್‌ಹಾಗ್!" ಎಂದಳು. "ಗೊತ್ತೈತಿ, ಸುಮ್ನ ಇರು" ಎಂದಳು ರುದ್ರಮ್ಮ. ಅಲ್ಲಿಗೆ ಅಜ್ಜಿ ಮೊಮ್ಮಗಳ ಒಪ್ಪಂದವಾಯಿತು. ಈ ದೇಶದಲ್ಲಿ ಆಕೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಪಂಚಮಿಯ ದಿನ ಮಾತ್ರ, ವರ್ಷದಿಂದ ವರ್ಷಕ್ಕೆ ಬೆಳೆದು ನಲವತ್ತಾದ ಹೆಂಗಸರು "ಆಂಟಿ, ಮೊದಲು ಅರಿಶಿನನಾ, ಹಾಲಾ?" ಎಂದು ಕೇಳುತ್ತಿದ್ದರು. ಉಳಿದ ದಿನಗಳಲ್ಲಿ ಕೋಸಿನ ಎಲೆ, ಗಜ್ಜರಿ ಸಿಪ್ಪೆ ಹಿಡಿದು ಆಕೆ ಹಿತ್ತಿಲಿಗೆ ಹೋಗುವಳು, ಡೊಳ್ಳಪ್ಪ ಬರುವನು. ಹಿಮಕಾಲದಲ್ಲಿ ಅವನು ನೆಲದೊಳಗೆ ಮಲಗಿದರೆ ಆಕೆಗೆ ಮಾತಾಡಲು ಜನವಿಲ್ಲ. ಬೇಸಿಗೆಗೆ ಬಂದದ್ದು ಅವನೋ, ಅವನ ಮಗನೋ, ಆಕೆ ವಿಚಾರಿಸಲಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿದ್ದಾಗ, ಈ ವರ್ಷ ಮಾರ್ಚಿನಲ್ಲಿ ಕಾಡಿನ ಅಂಚಿಗೆ ಬಿಲ್ಡರನೊಬ್ಬನ ಬೋರ್ಡು ಬಿತ್ತು: ಕಾಡಿನ ಜಾಗದಲ್ಲಿ ಇನ್ನೂರ ಹನ್ನೆರಡು ಟೌನ್‌ಹೌಸು.

ಬಡಾವಣೆಯ ಮನೆಮಾಲೀಕರ ಸಂಘಕ್ಕೆ ಅಧ್ಯಕ್ಷ ರಾಜಶೇಖರ. ಮ್ಯಾನ್‌ಹಟನ್‌ನಲ್ಲಿ ಬ್ಯಾಂಕಿನ ಕಂಪ್ಯೂಟರ್ ಕೆಲಸ, ರೈಲಿನಲ್ಲಿ ಕೂತು ಊರಿಗೆಲ್ಲ ಈಮೇಲ್ ಬರೆಯುವುದು ಹವ್ಯಾಸ. ಆರು ವರ್ಷದಿಂದ ಅವನು ಟೌನ್‌ಶಿಪ್ ಕಚೇರಿಗೆ ಬರೆದ ಪತ್ರಗಳೆಲ್ಲ ಇದೇ ಕಾಡಿನ ಮೇಲೆ. ಜಿಂಕೆ ನನ್ನ ಟ್ಯೂಲಿಪ್ ತಿಂತು, ಕೊಲ್ಲಿಸಿ. ಬಾತುಗಳು ದಾರಿ ಹೊಲಸು ಮಾಡಿದವು, ಓಡಿಸಿ. ಉಣ್ಣೆ ಹುಳ ಬರ್ತಿದೆ, ಔಷಧಿ ಹೊಡೆಸಿ. ಅಂಥ ರಾಜಶೇಖರ ಬೋರ್ಡು ಬಿದ್ದ ವಾರವೇ "ನಮ್ಮ ವನ್ಯಜೀವಿ ಉಳಿಸಿ" ಎಂದು ಹಸಿರು ಟೀಶರ್ಟು ಮಾಡಿಸಿದ. ಎದೆಯ ಮೇಲೆ ಜಿಂಕೆಯ ಚಿತ್ರ. ಟ್ಯೂಲಿಪ್ ತಿಂದದ್ದೇ ಇರಬೇಕು.

ವಿಜಯ್‌ನ ಬೇಸ್‌ಮೆಂಟಿನಲ್ಲಿ ಸಭೆ ಸೇರಿತು. ರುದ್ರಮ್ಮ ಮಿರ್ಚಿ ಭಜಿ ಕರಿದು ಕಳಿಸಿದಳು. ವನ್ಯಜೀವಿಯ ಬಗ್ಗೆ ಎರಡು ಗಂಟೆ ಚರ್ಚೆಯಾಯಿತು: ನಮ್ಮ ಮನೆಯ ಬೆಲೆ ಏನಾದೀತು, ಶಾಲೆಯಲ್ಲಿ ಮಕ್ಕಳು ತುಂಬಿಯಾರು, ಬೆಳಿಗ್ಗೆ ರಸ್ತೆಯಲ್ಲಿ ಎಷ್ಟು ಕಾರು ನಿಂತಾವು. ಪ್ರಿನ್ಸ್‌ಟನ್ನಿನಿಂದ ಕರೆಸಿದ ವಕೀಲೆ ತಾರಿಣಿ ಎಲ್ಲ ಕೇಳಿ, ಕಾಗದ ಮಡಚಿದಳು.

"ಈ ಮಾತು ಎಲ್ಲಾ ಊರಲ್ಲೂ ಎಲ್ಲರೂ ಹೇಳ್ತಾರೆ, ಪ್ಲಾನಿಂಗ್ ಬೋರ್ಡಿನವರು ಆಕಳಿಸ್ತಾರೆ. ಅಪರೂಪದ ಪ್ರಾಣಿ ಏನಾದ್ರೂ ಇದೆಯಾ? ರಾಜ್ಯದ ಪಟ್ಟಿಯಲ್ಲಿರೋ ಹಾವು, ಆಮೆ? ಇದ್ರೆ ಸರ್ವೆ ಆಗ್ಬೇಕು. ಪ್ರಾಜೆಕ್ಟ್ ನಿಂತ ಹಾಗೇ."

ಹಾವು! ಎಲ್ಲರ ಕಣ್ಣೂ ಭಜಿಯ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತ ರುದ್ರಮ್ಮನ ಕಡೆ ತಿರುಗಿತು.

"ಆಂಟಿ, ನೀವು ಎಂಟು ವರ್ಷದಿಂದ ಹಾಲು ಎರೀತಿದ್ದೀರಲ್ಲ, ನೀವೇ ನಮ್ಮ ಸಾಕ್ಷಿ" ಎಂದ ರಾಜಶೇಖರ. "ಸುಳ್ಳು ಹೇಳೋದು ಬೇಡ. ಹಾವು ಇದೆ ಅಂತ ಜಸ್ಟ್ ಕನ್ಫರ್ಮ್ ಮಾಡಿದ್ರೆ ಸಾಕು."

ಮೂರು ವಾರ ರುದ್ರಮ್ಮನಿಗೆ ಊಟ ಸೇರಲಿಲ್ಲ. ನಿಜ ಹೇಳಿದರೆ ಬುಲ್ಡೋಜರು ಬರುತ್ತದೆ, ಮೊದಲ ದಿನವೇ ಡೊಳ್ಳಪ್ಪನ ಬಿಲ ಹೋಗುತ್ತದೆ. ಜೊತೆಗೆ ನಲವತ್ತು ಹೆಂಗಸರ ಮುಂದೆ ಮೂರು ಕಾಸಿನ ಮರ್ಯಾದೆ ಉಳಿಯುವುದಿಲ್ಲ. ಸುಳ್ಳು ಹೇಳಿದರೆ ದೇವರ ಹೆಸರಲ್ಲಿ ಸುಳ್ಳು. ಕೋಸಿನ ಎಲೆ ಕೊಡುವಾಗ ಅವನನ್ನೇ ಕೇಳಿದಳು, "ಏನ್ ಮಾಡ್ಲೋ?" ಅವನು ಎಲೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ. ಜೀವ ಉಳಿಸಲು ಆಡಿದ ಸುಳ್ಳಿಗೆ ಪಾಪವಿಲ್ಲ ಎಂದು ಆಕೆ ತಾನೇ ತೀರ್ಮಾನ ಮಾಡಿಕೊಂಡಳು.

ಮೇ ತಿಂಗಳಲ್ಲಿ ಪ್ಲಾನಿಂಗ್ ಬೋರ್ಡಿನ ವಿಚಾರಣೆ ನಡೆಯಿತು. ಸಭಾಂಗಣದ ತುಂಬ ಹಸಿರು ಟೀಶರ್ಟು. ಮೊದಲು ಮೈಕಿನ ಮುಂದೆ ಬಂದವಳು ಎಂಬತ್ತರ ಮುದುಕಿ ಸಾರಾ, ರಸ್ತೆಯಾಚೆಯ ಹಳೇ ಆಲೂಗಡ್ಡೆ ಹೊಲದ ಮನೆಯವಳು. ಕಾಡು ಉಳಿಯಲಿ ಎಂದೇ ಆಕೆ ಬಂದಿದ್ದು. ಆದರೆ ಹಸಿರು ಟೀಶರ್ಟುಗಳ ಕಡೆ ತಿರುಗಿ, "ಇಪ್ಪತ್ತೆರಡು ವರ್ಷದ ಹಿಂದೆ ನಾನು ಇದೇ ಮೈಕಿನ ಮುಂದೆ ನಿಂತು, ಈಗ ನಿಮ್ಮ ಮನೆಗಳಿರುವ ಹೊಲದಲ್ಲಿ ನರಿಗಳಿವೆ, ಅಲ್ಲಿ ಮನೆ ಕಟ್ಟಬೇಡಿ ಅಂತ ಕೇಳಿಕೊಂಡಿದ್ದೆ. ಆಮೇಲೆ ನೀವೆಲ್ಲ ಬಂದಿರಿ. ಟೀಶರ್ಟು ಚೆನ್ನಾಗಿದೆ" ಎಂದು ಹೇಳಿ ಕೂತಳು. ರಾಜಶೇಖರ ಫೋನಿನಲ್ಲಿ ಏನೋ ತುರ್ತಾಗಿ ಓದತೊಡಗಿದ.

ಆಮೇಲೆ ರುದ್ರಮ್ಮ. ಇಳಕಲ್ ಸೀರೆ, ಹಣೆಗೆ ವಿಭೂತಿ, ಪಕ್ಕದಲ್ಲಿ ಅನುವಾದಕ್ಕೆ ಭೂಮಿಕಾ. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಬಿಲ್ಡರನ ವಕೀಲ ಸಭ್ಯ ಮನುಷ್ಯ. ಆ ಗುಂಡಿಯಲ್ಲಿ ಹಾವು ಇರುವುದನ್ನು ನೀವು ಸ್ವತಃ ನೋಡಿದ್ದೀರಾ ಎಂದು ಕೇಳಿದ.

"ಐತಿ" ಎಂದಳು ರುದ್ರಮ್ಮ. "ನೋಡೇನಿ. ಭಾಳ ವರ್ಷದಿಂದ ಐತಿ. ಯಾರಿಗೂ ಏನೂ ಮಾಡಿಲ್ಲ, ಪಾಪ."

ಭೂಮಿಕಾ ಅಜ್ಜಿಯ ಮುಖ ಒಂದು ಕ್ಷಣ ನೋಡಿದಳು. ಒಪ್ಪಂದ ಒಪ್ಪಂದವೇ. "ಯೆಸ್," ಎಂದಳು ಮೈಕಿನಲ್ಲಿ, "ಆ್ಯಂಡ್ ಇಟ್ಸ್ ಹ್ಯೂಜ್."

ಬೋರ್ಡು ಒಂದು ವರ್ಷದ ಸರ್ವೆ ಆಗಲಿ ಎಂದಿತು. ಬಿಲ್ಡರನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಜೂನ್ ಮುಗಿಯುವುದರೊಳಗೆ ಕಾಡಿನಂಚಿನ ಬೋರ್ಡು ಕಿತ್ತುಕೊಂಡು, ಹೆದ್ದಾರಿಯ ಎಂಟು-ಎ ಎಕ್ಸಿಟ್ಟಿನ ಕಡೆ ಗೋದಾಮು ಕಟ್ಟಲು ಹೋದ. ಬಡಾವಣೆಯಲ್ಲಿ ಪಾಟ್‌ಲಕ್ ಊಟ ನಡೆಯಿತು. ಹಾವಿನಾಕಾರದ ಕೇಕು ಬಂತು. ಹೆಡೆಯ ತುಂಡನ್ನು ರಾಜಶೇಖರ ತನ್ನ ಕೈಯಾರೆ ರುದ್ರಮ್ಮನ ಬಾಯಿಗಿಟ್ಟ. ಆಕೆಗೂ ಖುಷಿಯೇ ಆಯಿತು. ಸುಳ್ಳು ಹೇಳಿದೆ, ಹೌದು, ಆದರೆ ಒಂದು ಜೀವದ ಮನೆ ಉಳಿಯಿತಲ್ಲ!

ಕೇಕು ಕರಗಿ ಎರಡು ದಿನವಾಗಿರಲಿಲ್ಲ, ವಾಟ್ಸಾಪಿನಲ್ಲಿ ಒಬ್ಬರಿಗೆ ಜ್ಞಾನೋದಯವಾಯಿತು. "ಹಾಗಾದ್ರೆ ನಮ್ಮ ಮಕ್ಕಳು ಆಡೋ ಜಾಗದಿಂದ ಐವತ್ತು ಅಡಿಯಲ್ಲಿ ನಿಜವಾಗ್ಲೂ ಹಾವು ಇದೆಯಾ?" ಇನ್ನೊಬ್ಬರು: "ಹ್ಯೂಜ್ ಅಂತ ಪ್ರಮಾಣ ಮಾಡಿ ಹೇಳಿದ್ದಾರೆ!" ರಾಜಶೇಖರನ ಹೆಂಡತಿ ಮಾಧವಿ, ಪ್ರತಿ ಪಂಚಮಿಗೂ ಅದೇ ಗುಡ್ಡೆಗೆ ಹಾಲೆರೆದವಳು, ಹಿತ್ತಿಲ ಬಾಗಿಲಿಗೆ ಟವೆಲ್ ತುರುಕಿದಳಂತೆ. ಮತ ಹಾಕಿದರು: ತೆಗೆಸಬೇಕು ಅರವತ್ತೊಂದು, ಬೇಡ ನಾಲ್ಕು. ಆ ವಾಟ್ಸಾಪ್ ಗುಂಪಿನಲ್ಲಿ ರುದ್ರಮ್ಮ ಇರಲಿಲ್ಲ. ವಿಜಯ್ ಇದ್ದ, ಮೀಟಿಂಗಿನಲ್ಲಿದ್ದೆ, ಓದಲಿಲ್ಲ ಎಂದು ಆಮೇಲೆ ಹೇಳಿದ. ಅವನೂ ಹಸಿರು ಟೀಶರ್ಟಿನವನೇ.

ಜುಲೈನ ಒಂದು ಗುರುವಾರ ಸೊಸೆ ಸ್ಮಿತಾ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ತಿರುಗಿ ಬಂದು ರುದ್ರಮ್ಮ ಕೋಸಿನ ಎಲೆ ಹಿಡಿದು ಹಿತ್ತಿಲಿಗೆ ಹೋದರೆ, ಗುಡ್ಡೆಯೇ ಇಲ್ಲ. ನೆಲ ಸಮ ಮಾಡಿ, ತಂತಿ ಬಲೆ ಹಾಸಿ, ಮೇಲೆ ಜಲ್ಲಿಕಲ್ಲು ಸುರಿದಿದ್ದರು. ಆಕೆ "ಡೊಳ್ಳಪ್ಪಾ" ಎಂದು ಕರೆದಳು. ಮತ್ತೆ ಕರೆದಳು. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು.

ಹಾವು ತೆಗೆಯಲು ಸಂಘ ಕರೆಸಿದ್ದ ಕಂಪನಿಯವರ ವರದಿಯನ್ನು ಭೂಮಿಕಾ ಓದಿದಳು. ಹಾವು ಸಿಕ್ಕಿಲ್ಲ. ದೊಡ್ಡ ಗ್ರೌಂಡ್‌ಹಾಗ್ ಒಂದು, ತೆಗೆಯಲಾಗಿದೆ.

"ತೆಗದು ಎಲ್ಲಿ ಬಿಟ್ರಂತ?"

ಭೂಮಿಕಾ ಅಜ್ಜಿಯ ಕೈ ಹಿಡಿದುಕೊಂಡು ಅತ್ತಳು. ರುದ್ರಮ್ಮನಿಗೆ ಅರ್ಥವಾಯಿತು. ತಾನೇ ಕೊಂದೆ ಎನಿಸಿತು. ಬಿಲ್ಡರನ ಕೈಯಿಂದ ಉಳಿಸಲು ಹೇಳಿದ ಸುಳ್ಳು ಕಾಡು ಉಳಿಸಿದವರ ಕೈಯಲ್ಲಿ ಡೊಳ್ಳಪ್ಪನ ಕುತ್ತಿಗೆಗೆ ಬಂತು.

ಸಂಜೆ ರಾಜಶೇಖರ ಓಡಿ ಬಂದ. ದನಿ ಬಹಳ ತಗ್ಗಿತ್ತು. "ಆಂಟಿ, ಈ ರಿಪೋರ್ಟ್ ವಿಷಯ ಯಾರಿಗೂ ಹೇಳ್ಬೇಡಿ ಪ್ಲೀಸ್. ಬಿಲ್ಡರ್‌ಗೆ ಗೊತ್ತಾದ್ರೆ ವಾಪಸ್ ಬರ್ತಾನೆ. ಅಫಿಷಿಯಲ್ಲಾಗಿ ಹಾವು ಇದೆ. ನಮ್ಮ ಜನಕ್ಕೆ ಮಾತ್ರ, ಹಾವು ತೆಗೆಸಿದ್ದೀವಿ."

"ಹಂಗಾದ್ರ ಐತೋ, ಇಲ್ಲೋ?"

"ಎರಡೂ, ಆಂಟಿ" ಎಂದ. ನಾಚಿಕೆ ಎಂಬುದು ಆ ಮುಖದ ಹತ್ತಿರ ಸುಳಿದಿರಲಿಲ್ಲ. ರುದ್ರಮ್ಮ ಬಾಗಿಲು ಹಾಕಿಕೊಂಡಳು.

ಪಂಚಮಿ ಬಂತು. ನಲವತ್ತು ಹೆಂಗಸರೂ ಬಂದರು! ಹಾವು ತೆಗೆಸಲು ಮತ ಹಾಕಿದವರೇ ಹಾಲಿನ ತಂಬಿಗೆ ಹಿಡಿದು ಬಂದರು. ಜಲ್ಲಿಕಲ್ಲಿನ ಸುತ್ತ ನಿಂತು ಮುಖ ಮುಖ ನೋಡಿಕೊಂಡರು. "ಆಂಟಿ, ಎಲ್ಲಿ ಎರೆಯೋದು?"

"ಹುತ್ತ ಮುಚ್ಚಿದ ಮ್ಯಾಲೆ ನಾಗಪ್ಪ ಎಲ್ಲಿಗೆ ಹೋಗ್ಬೇಕ್ರವಾ?" ಎಂದಳು ರುದ್ರಮ್ಮ. "ಮುಚ್ಚಿಸಿದವರ ಮನಿಗೇ ಹೋಗ್ಯಾನ. ನಡೀರಿ."

ತಂಬಿಗೆ ಹಿಡಿದು ಮುಂದೆ ನಡೆದಳು. ನಲವತ್ತು ರೇಷ್ಮೆ ಸೀರೆ ಹಿಂದೆ ಹೊರಟಿತು. ಅಧ್ಯಕ್ಷರ ಮನೆಯ ಮುಂಬಾಗಿಲಿಗೆ ಅರಿಶಿನ ಹಚ್ಚಿ, ಮೆಟ್ಟಿಲಿಗೆ ಹಾಲೆರೆದು, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ರಾಜಶೇಖರನ ಪಾಲು! ಮಾಧವಿಯ ಪಾಲು!" ಮಾಧವಿ ಒಳಗಿನಿಂದ ಕಿರುಚಿಕೊಂಡು ಬಂದಳು: "ರೀ, ಹಾವು ನಮ್ಮನೇಲಿದೆಯಾ? ಹೇಳ್ರೀ, ಇದೆಯಾ?" ರಾಜಶೇಖರ ಬಾಯಿ ತೆರೆದ. ಹಾವೇ ಇರಲಿಲ್ಲ ಎಂದರೆ ಕೇಸು ಹೋಗುತ್ತದೆ, ಇದೆ ಎಂದರೆ ಹೆಂಡತಿ ಹೋಗುತ್ತಾಳೆ. ಬಾಯಿ ಮುಚ್ಚಿ, ಕೈ ಮುಗಿದು ನಿಂತ. ಒಬ್ಬರಾದ ಮೇಲೆ ಒಬ್ಬರು ನಲವತ್ತು ಜನ ಎರೆದರು. ಹಾಲು ಮೆಟ್ಟಿಲಿಳಿದು, ಕಾರಿನ ಚಕ್ರ ಸುತ್ತಿ, ರಸ್ತೆಗೆ ಹರಿಯಿತು.

ಎಲ್ಲರೂ ಹೋದ ಮೇಲೆ ರುದ್ರಮ್ಮ ಭೂಮಿಕಾಳ ಜೊತೆ ಹಿತ್ತಿಲಿಗೆ ಬಂದಳು. ತಂಬಿಗೆಯ ತಳದಲ್ಲಿ ಉಳಿದಿದ್ದ ಗುಟುಕು ಹಾಲನ್ನು ಜಲ್ಲಿಕಲ್ಲಿನ ಮೇಲೆ ಬಿಟ್ಟು, ಒಂದು ಶೇಂಗಾ ಉಂಡಿ ಇಟ್ಟಳು. "ಡೊಳ್ಳಪ್ಪನ ಪಾಲು" ಎಂದಳು. ಭೂಮಿಕಾ ಇಂಗ್ಲಿಷು ಮರೆತು, ಅದನ್ನೇ ಕನ್ನಡದಲ್ಲಿ ಹೇಳಿದಳು.

ಮರುದಿನ ಬೆಳಿಗ್ಗೆ ನೋಡಿದರೆ ಉಂಡಿ ಇಟ್ಟಲ್ಲೇ ಇತ್ತು.